ಒಂದು ಬಲ್ಬಿನ ಚರಿತ್ರೆ: ಬಡವರ ಮನೆಯ ಬೆಳಕಿಗೆ ಹಣ ಕೊಟ್ಟವರು ಯಾರು?



ನಮ್ಮ ಸಭೆಗಳಲ್ಲಿ ಚರಿತ್ರೆಯ ಮಾತು ಬಂದಾಗ ಕೊರ್ಡೋಬಾದ ಬೀದಿದೀಪಗಳ ಪ್ರಸ್ತಾಪ ಬಾರದೆ ಇರುವುದಿಲ್ಲ. ಯುರೋಪಿನ ಉಳಿದ ನಗರಗಳು ಕತ್ತಲೆಯಲ್ಲಿ ಮುಳುಗಿದ್ದಾಗ ಸ್ಪೇನಿನ ಆ ನಗರದ ಬೀದಿಗಳು ಬೆಳಗುತ್ತಿದ್ದವೆಂದು ಭಾಷಣಕಾರರು ಹೇಳುತ್ತಾರೆ, ನಾವು ತಲೆದೂಗುತ್ತೇವೆ. ಮದೀನಾದ ಮಸೀದಿಯಲ್ಲಿ ಮೊದಲು ದೀಪ ಹಚ್ಚಿದವರು ತಮೀಮುದ್ದಾರಿ (ರ) ಎಂಬ ಸಹಾಬಿಯೆಂದು ಹದೀಸ್ ಸಂಗ್ರಹದಲ್ಲಿ ಬರುತ್ತದೆ. ಮುಂದಿನ ಶತಮಾನಗಳಲ್ಲಿ ಮಸೀದಿ, ಮದ್ರಸಗಳ ದೀಪದೆಣ್ಣೆಗೆಂದೇ ಆಸ್ತಿಯನ್ನು ವಕ್ಫ್ ಮಾಡಿದ ದಾನಿಗಳಿದ್ದರು. ಬೆಳಕಿಗೂ ಖರ್ಚಿದೆ, ಆ ಖರ್ಚನ್ನು ಯಾರಾದರೂ ಹೊರಬೇಕು ಎಂಬ ತಿಳಿವಳಿಕೆ ನಮ್ಮ ಹಿರಿಯರಲ್ಲಿ ಚೆನ್ನಾಗಿಯೇ ಇತ್ತು.

ಆದರೆ ಅದು ಮಸೀದಿಯ ದೀಪ, ಬೀದಿಯ ದೀಪ. ಬಡವನ ಮನೆಯೊಳಗಿನ ದೀಪಕ್ಕೆ ಹಣ ಕೊಡುವವರು ಯಾರು? ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಕೊರ್ಡೋಬಾದವರೆಗೆ ಹೋಗಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲಿಯೇ ಇದಕ್ಕೊಂದು ಚರಿತ್ರೆಯಿದೆ. ಪಠ್ಯಪುಸ್ತಕದಲ್ಲಿ ಅದು ಸಿಗುವುದಿಲ್ಲ. ನಿಮ್ಮ ಮನೆಯ ಕರೆಂಟು ಬಿಲ್ಲಿನ ಹಿಂದೆ ಅಡಗಿ ಕುಳಿತಿದೆ.

ನಮ್ಮ ನಾಡಿಗೆ ವಿದ್ಯುತ್ತು ಬಂದದ್ದು ಯಾರ ಮನೆ ಬೆಳಗಲೆಂದೂ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡು, 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿಯ ಮೇಲೆ ಸಾಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಹಣ ಕೊಡುವ ಗಿರಾಕಿ ಅಲ್ಲಿದ್ದ. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂತು. ಆಮೇಲೆ ಕಾರ್ಖಾನೆಗಳು, ಬಂಗಲೆಗಳು, ಅಂಗಡಿಗಳು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಣ್ಣ ಪಟ್ಟಣಗಳಿಗೂ ಹಳ್ಳಿಗಳಿಗೂ ತಂತಿ ಎಳೆಯುವ ಕೆಲಸಕ್ಕೆ ಒತ್ತು ಸಿಕ್ಕಿತು, ಜೋಗದ ವಿದ್ಯುತ್ ಯೋಜನೆಯ ಕೆಲಸವೂ ಆರಂಭವಾಯಿತು. ಮಿರ್ಜಾರನ್ನು ಉದ್ಯಾನಗಳಿಗಾಗಿ ನೆನೆಯುವವರು ಈ ತಂತಿಗಳನ್ನು ಮರೆಯುತ್ತಾರೆ. ಆದರೂ ಹಳ್ಳಿಗೆ ಕಂಬ ಬಂದದ್ದು ಬೇರೆ ಮಾತು, ಕಂಬದಿಂದ ಮನೆಯೊಳಕ್ಕೆ ಬೆಳಕು ಬರುವುದು ಬೇರೆ ಮಾತು.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಅದೇ ಮುಂದೆ ಜನರ ಬಾಯಲ್ಲಿ ಕೆ.ಇ.ಬಿ. ಆಯಿತು. ಮಂಡಳಿ ಮುಚ್ಚಿ ಎಷ್ಟೋ ವರ್ಷಗಳಾದರೂ ನಮ್ಮ ಮನೆಗಳಲ್ಲಿ ಇಂದಿಗೂ 'ಕೆ.ಇ.ಬಿ.ಯವರು ಬಂದಿದ್ದಾರೆ' ಎಂದೇ ಹೇಳುವುದು. 1960ರ ದಶಕದಲ್ಲಿ ಶರಾವತಿಯ ದೊಡ್ಡ ಯೋಜನೆ ಬಂತು, ನಾಡಿಗೆ ಬೇಕಾದಷ್ಟು ವಿದ್ಯುತ್ತು ಸಿಕ್ಕಿತು. ಲಿಂಗನಮಕ್ಕಿಯ ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡವರಲ್ಲಿ ಎಷ್ಟೋ ಕುಟುಂಬಗಳು ಮುಂದೆ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಬದುಕಿದವು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ನಾಚಿಕೆ ತರಿಸುವ ಪುಟ ಅದು.

ಇನ್ನು ನಮ್ಮ ವಿಷಯಕ್ಕೆ ಬರೋಣ. 1970ರ ದಶಕ ಕರ್ನಾಟಕದಲ್ಲಿ ಭೂಸುಧಾರಣೆಯ, ಜನತಾ ಮನೆಗಳ ದಶಕ. ಗೇಣಿದಾರ ಒಡೆಯನಾದ, ಸೂರಿಲ್ಲದವನಿಗೆ ಸಣ್ಣ ಸೂರಾದರೂ ಸಿಕ್ಕಿತು. ಆ ಸೂರಿನ ಕೆಳಗೆ ದೀಪ ಬೇಡವೇ? ಆ ದಶಕ ಮುಗಿಯುವ ಹೊತ್ತಿಗೆ ಬಂದದ್ದೇ 'ಭಾಗ್ಯಜ್ಯೋತಿ'. ಬಡವರ ಮನೆಗೆ ಒಂದು ದೀಪದ ಸಂಪರ್ಕ. ಗಮನಿಸಿ, ಒಂದೇ ದೀಪ. ಒಂದು ಹೋಲ್ಡರ್, ಒಂದು ಬಲ್ಬು. ಸುಮಾರು ಹತ್ತು ವರ್ಷಗಳ ನಂತರ, 1988-89ರಲ್ಲಿ, ಕೇಂದ್ರ ಸರಕಾರ 'ಕುಟೀರ ಜ್ಯೋತಿ' ಎಂಬ ಹೆಸರಿನಲ್ಲಿ ಇಂಥದೇ ಯೋಜನೆಯನ್ನು ದೇಶಕ್ಕೆಲ್ಲ ತಂದಿತು.

ಇವೆರಡರ ನಡುವೆ ಇರುವ ಒಂದು ವ್ಯತ್ಯಾಸವನ್ನು ನೀವು ಗಮನಿಸಬೇಕು. ಕೇಂದ್ರದ ಹಣ ಒಮ್ಮೆ ಮಾತ್ರ ಸಿಗುವಂಥದ್ದು, ತಂತಿ ಎಳೆದು ಬಲ್ಬು ಹಾಕಿಕೊಡುವುದಕ್ಕೆ. ಆಮೇಲೆ ತಿಂಗಳು ತಿಂಗಳು ಬರುವ ಬಿಲ್ಲು? ಅದರ ಹೊಣೆಯನ್ನು ರಾಜ್ಯವೇ ಹೊರಬೇಕಿತ್ತು. ಮದುವೆಗೆ ಸಹಾಯ ಮಾಡುವವರು ಬಹಳ, ಸಂಸಾರಕ್ಕೆ ಸಹಾಯ ಮಾಡುವವರು ಕಡಿಮೆ ಎಂದು ನಮ್ಮ ಹಿರಿಯರು ಹೇಳುವುದಿಲ್ಲವೇ, ಹಾಗೆ. ಸಂಪರ್ಕ ಕೊಟ್ಟದ್ದನ್ನು ಫೋಟೋ ತೆಗೆಯಬಹುದು, ಉದ್ಘಾಟನೆ ಮಾಡಬಹುದು. ಬಿಲ್ಲು ಕಟ್ಟುವುದಕ್ಕೆ ಉದ್ಘಾಟನೆಯಿಲ್ಲ. ಕರ್ನಾಟಕ ಈ ಎರಡನೆಯ ಹೊಣೆಯನ್ನು ಒಪ್ಪಿಕೊಂಡಿತು ಎಂಬುದು ಮೆಚ್ಚಬೇಕಾದ ಸಂಗತಿ. ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಮನೆಗಳಿಗೆ ತಿಂಗಳಿಗೆ 18 ಯೂನಿಟ್‌ವರೆಗಿನ ಖರ್ಚನ್ನು ಸರಕಾರವೇ ತುಂಬುವ ವ್ಯವಸ್ಥೆ ಬಹುಕಾಲ ನಡೆಯಿತು.

18 ಯೂನಿಟ್ ಎಂದರೆ ಎಷ್ಟು? ಗಣಿತದಲ್ಲಿ ಆಸಕ್ತಿಯಿರುವವರು ಪೆನ್ಸಿಲ್ ತೆಗೆದುಕೊಳ್ಳಿ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 40 ವ್ಯಾಟಿನ ಬಲ್ಬು ದಿನಕ್ಕೆ 15 ಗಂಟೆಯಂತೆ 30 ದಿನ ಉರಿದರೆ ಸರಿಯಾಗಿ 18 ಯೂನಿಟ್. ಒಂದು ಬಲ್ಬಿಗೆ ಇದು ಧಾರಾಳವಾಯಿತು. ಈಗ ಒಂದು ಫ್ಯಾನಿನ ಲೆಕ್ಕ ಹಾಕಿ. 75 ವ್ಯಾಟಿನ ಫ್ಯಾನು ರಾತ್ರಿ 8 ಗಂಟೆ ತಿರುಗಿದರೆ ತಿಂಗಳಿಗೆ ಅದೊಂದೇ 18 ಯೂನಿಟ್ ತಿಂದು ಮುಗಿಸುತ್ತದೆ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ, ಹಂಚಿನ ಮಾಡಿನ ಕೆಳಗೆ, ಹಸುಗೂಸನ್ನು ಮಲಗಿಸಿಕೊಂಡ ತಾಯಿಗೆ ಆಯ್ಕೆ ಇಷ್ಟೇ: ಗಾಳಿ ಅಥವಾ ಬೆಳಕು.

ನಿಯಮ ಇನ್ನೂ ಕಠಿಣವಾಗಿತ್ತು. 18 ಯೂನಿಟ್ ಮೀರಿದರೆ, ಇಲ್ಲವೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ದೀಪದ ಪಾಯಿಂಟು ಕಂಡುಬಂದರೆ, ಆ ಮನೆಯನ್ನು ಸಾಮಾನ್ಯ ಗೃಹಬಳಕೆಯ ದರಕ್ಕೆ ಸೇರಿಸಬೇಕೆಂದು ದರಪಟ್ಟಿಯಲ್ಲೇ ಬರೆದಿತ್ತು. ಎರಡನೆಯ ಬಲ್ಬು ಹಾಕಿದರೆ ಬಡವ ಬಡವನಲ್ಲ!

1990ರ ದಶಕದಲ್ಲಿ ನಮ್ಮ ಓಣಿಯಲ್ಲಿದ್ದ ಒಂದು ಮನೆ ನನಗೆ ಈಗಲೂ ನೆನಪಿದೆ. ಗಂಡ ತೀರಿಹೋದ ಹೆಂಗಸು, ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ಭಾಗ್ಯಜ್ಯೋತಿಯ ಬಲ್ಬು ನಡುಮನೆಯಲ್ಲಿ. ಮಗ್ರಿಬ್ ನಮಾಝ್ ಮುಗಿದ ಮೇಲೆ ಬಲ್ಬಿನ ಕೆಳಗೆ ತಾಯಿಯ ಮೊರ, ಅದಕ್ಕೆ ತಾಗಿಕೊಂಡೇ ಮಗಳ ಪುಸ್ತಕ. ಒಳಗಿನ ಅಡುಗೆ ಕೋಣೆಯಲ್ಲಿ ಸೀಮೆಎಣ್ಣೆಯ ಬುಡ್ಡಿ. ಮಗಳು ಎಸ್.ಎಸ್.ಎಲ್.ಸಿ.ಗೆ ಬಂದ ವರ್ಷ ಯಾರೋ ಹೋಲ್ಡರಿಗೆ ಒಂದು ಜೋಡಣೆ ಹಾಕಿ ವೈರು ಎಳೆದು ಮೂಲೆಗೊಂದು ಬಲ್ಬು ಮಾಡಿಕೊಟ್ಟರು. ಓಣಿಯ ತುದಿಯಲ್ಲಿ ಲೈನ್‌ಮ್ಯಾನ್ ಕಂಡರೆ ಮಕ್ಕಳು ಓಡಿಬಂದು ಸುದ್ದಿ ಮುಟ್ಟಿಸುತ್ತಿದ್ದರು, ಮೂಲೆಯ ಬಲ್ಬು ಅಕ್ಕಿ ಡಬ್ಬದೊಳಗೆ ಹೋಗುತ್ತಿತ್ತು. ಒಂದು ದಿನ ಸುದ್ದಿ ಮುಟ್ಟಲಿಲ್ಲ. ಮುಂದಿನ ತಿಂಗಳು ಬಂದ ಬಿಲ್ಲನ್ನು ಆ ತಾಯಿ ಓದಿಸಿಕೊಳ್ಳಲು ನಮ್ಮ ಮನೆಗೆ ತಂದಿದ್ದರು. ಬಾಕಿ ಬೆಳೆಯಿತು, ಕೊನೆಗೆ ಫ್ಯೂಸು ಕಿತ್ತುಕೊಂಡು ಹೋದರು. ಹುಡುಗಿ ಪರೀಕ್ಷೆಗೆ ಓದಿದ್ದು ಪಕ್ಕದ ಮನೆಯ ಜಗಲಿಯಲ್ಲಿ. ಕಾನೂನಿನ ಪ್ರಕಾರ ಅವರದು ತಪ್ಪು, ನಿಜ. ಆ ಲೈನ್‌ಮ್ಯಾನ್ ಕೆಟ್ಟವನೂ ಆಗಿರಲಿಲ್ಲ. ಆದರೆ ಬಡವನ ಮನೆಯಲ್ಲಿ ಒಂದೇ ಕೆಲಸ ಒಂದೇ ಮೂಲೆಯಲ್ಲಿ ನಡೆಯುತ್ತದೆಂದು ಎಣಿಸಿ ಮಾಡಿದ ಯೋಜನೆ ಅದು. ಬೀಡಿ, ಅಗರಬತ್ತಿ, ಹೊಲಿಗೆ ಹೀಗೆ ಮನೆಯೇ ಕೆಲಸದ ಜಾಗವಾಗಿರುವ ನಮ್ಮಂಥ ಮೊಹಲ್ಲಾಗಳ ಲೆಕ್ಕ ಅದರಲ್ಲಿ ಸೇರಿರಲಿಲ್ಲ.

ಈ ಹಣ ಎಲ್ಲಿಂದ ಬರುತ್ತಿತ್ತು? ಮಂಡಳಿಯ ಕಾಲದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿರಲಿಲ್ಲ. ಕಾರ್ಖಾನೆ, ಅಂಗಡಿಗಳಿಂದ ಹೆಚ್ಚು ದರ ವಸೂಲಿ ಮಾಡಿ ಪಂಪ್‌ಸೆಟ್ಟಿಗೂ ಬಡವರ ಮನೆಗೂ ಕಡಿಮೆ ದರದಲ್ಲಿ ಕೊಡುವುದು, ಕೊರತೆ ಬಿದ್ದರೆ ಸರಕಾರ ತುಂಬುವುದು, ತುಂಬದಿದ್ದರೆ ನಷ್ಟ. ಎಷ್ಟೋ ಭಾಗ್ಯಜ್ಯೋತಿ ಮನೆಗಳಿಗೆ ಮೀಟರೇ ಇರಲಿಲ್ಲ. ಹೀಗಾಗಿ ಸೋರಿಹೋದದ್ದನ್ನೂ ಕದ್ದದ್ದನ್ನೂ 'ಬಡವರು ಬಳಸಿದರು' ಎಂಬ ಖಾತೆಗೆ ಬರೆಯುವುದು ಸುಲಭವಾಗಿತ್ತು. ಬಡವರ ಹೆಸರಿನಲ್ಲಿ ಬೇರೆಯವರ ಲೆಕ್ಕ ಸರಿಹೋಗುವುದು ನಮ್ಮ ದೇಶದಲ್ಲಿ ಹೊಸದೇನಲ್ಲ.

1999ರಲ್ಲಿ ಮಂಡಳಿಯ ಜಾಗಕ್ಕೆ ವಿದ್ಯುತ್ ಪ್ರಸರಣ ನಿಗಮ ಬಂತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ರಚನೆಯಾಯಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಹುಟ್ಟಿದವು. 2003ರ ಕೇಂದ್ರದ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಕಲಮು ಒಂದು ಮುಖ್ಯ ಮಾತು ಹೇಳಿತು. ಯಾವುದೇ ರಾಜ್ಯ ಸರಕಾರ ಯಾವುದೇ ವರ್ಗದ ಬಳಕೆದಾರರಿಗೆ ರಿಯಾಯಿತಿ ಕೊಡಬಯಸಿದರೆ ಆ ಹಣವನ್ನು ತನ್ನ ಖಜಾನೆಯಿಂದ ಮುಂಗಡವಾಗಿ ಕಂಪನಿಗೆ ಕಟ್ಟಬೇಕು. ದಾನ ಮಾಡುವವನು ತನ್ನ ಜೇಬಿನಿಂದಲೇ ಮಾಡಲಿ ಎಂಬುದು ಇದರ ಸಾರ. ನಮ್ಮ ಶರೀಅತ್ ಓದಿದವರಿಗೆ ಈ ತತ್ತ್ವ ಅಪರಿಚಿತವಲ್ಲ. ಹಣ ಹೇಳಿದ ಹೊತ್ತಿಗೆ ಸಂದಾಯವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಸರಕಾರದಿಂದ ಬರಬೇಕಾದ ಸಹಾಯಧನದ ಬಾಕಿಯ ದೂರು ವಿದ್ಯುತ್ ಕಂಪನಿಗಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ.

ಆಯೋಗದ ಬಗ್ಗೆ ಇನ್ನೊಂದು ಮಾತು. ದರ ಬದಲಾಯಿಸುವ ಮೊದಲು ಅದು ಸಾರ್ವಜನಿಕರಿಂದ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಕೈಗಾರಿಕಾ ಸಂಘಗಳು, ರೈತ ಸಂಘಟನೆಗಳು ಅಲ್ಲಿಗೆ ಹೋಗಿ ವಾದಿಸುತ್ತವೆ. ನಮ್ಮ ಮೊಹಲ್ಲಾ ಕಮಿಟಿಯೊಂದು ಹೋಗಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಬಿಲ್ಲು ಹೆಚ್ಚಾದಾಗ ಕೂಗುವುದಕ್ಕಿಂತ ಆಕ್ಷೇಪಣೆಯ ಪತ್ರ ಬರೆಯುವುದಕ್ಕೆ ಖರ್ಚು ಕಡಿಮೆ. ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನು ಬರೆಯಬಲ್ಲವರು ಅನೇಕರಿದ್ದಾರೆ.

2005ರ ರಾಷ್ಟ್ರೀಯ ವಿದ್ಯುತ್ ನೀತಿಯು ಪ್ರತಿ ಮನೆಗೂ ದಿನಕ್ಕೆ ಒಂದು ಯೂನಿಟ್ಟಾದರೂ ಸಿಗಬೇಕೆಂದು ಹೇಳಿತು. ಅಂದರೆ ತಿಂಗಳಿಗೆ 30. ದೆಹಲಿಯ ಕಾಗದದಲ್ಲಿ 30 ಎಂದಿದ್ದರೂ ಕರ್ನಾಟಕದ ಬಡವನ ಮಿತಿ ಇನ್ನೂ ಹಲವು ವರ್ಷ 18ರಲ್ಲೇ ನಿಂತಿತ್ತು. ಅದೇ 2005ರಲ್ಲಿ ಆರಂಭವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಬಡತನ ರೇಖೆಗಿಂತ ಕೆಳಗಿನ ಮನೆಗಳಿಗೆ ಉಚಿತ ಸಂಪರ್ಕ ಕೊಟ್ಟಿತು, ಕುಟೀರ ಜ್ಯೋತಿ ಅದರಲ್ಲಿ ಲೀನವಾಯಿತು. ಜನಗಣತಿಯ ಪ್ರಕಾರ 2001ರಲ್ಲಿ ಕರ್ನಾಟಕದ ನೂರಕ್ಕೆ ಸುಮಾರು 78 ಮನೆಗಳಲ್ಲಿ ವಿದ್ಯುದ್ದೀಪವಿತ್ತು, 2011ರ ವೇಳೆಗೆ ಅದು 90ನ್ನು ದಾಟಿತು. 2015ರ ನಂತರ ಎಲ್.ಇ.ಡಿ. ಬಲ್ಬುಗಳು ಅಗ್ಗವಾಗಿ ಸಿಗತೊಡಗಿದ್ದು ಬಡವರ ಪಾಲಿಗೆ ಯಾವ ಸಹಾಯಧನಕ್ಕೂ ಕಡಿಮೆಯದ್ದಲ್ಲ. 9 ವ್ಯಾಟಿನ ಬಲ್ಬು ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗುವುದಿಲ್ಲ. ಅಕ್ಕಿ ಡಬ್ಬದಲ್ಲಿ ಬಲ್ಬು ಬಚ್ಚಿಟ್ಟ ಆ ತಾಯಿಗೆ ಇಪ್ಪತ್ತು ವರ್ಷ ಮೊದಲೇ ಇದು ಸಿಕ್ಕಿದ್ದರೆ!

2017ರಲ್ಲಿ ಮಿತಿ 18ರಿಂದ 40 ಯೂನಿಟ್‌ಗೆ ಏರಿತು. 2022ರಲ್ಲಿ 'ಅಮೃತ ಜ್ಯೋತಿ' ಎಂಬ ಹೆಸರಿನಲ್ಲಿ ಬಡತನ ರೇಖೆಗಿಂತ ಕೆಳಗಿನ ಪರಿಶಿಷ್ಟ ಜಾತಿ, ಪಂಗಡಗಳ ಮನೆಗಳಿಗೆ 75 ಯೂನಿಟ್‌ವರೆಗೆ ಉಚಿತವಾಯಿತು. ಬಡ ಮುಸ್ಲಿಮನನ್ನು ಇದರಲ್ಲಿ ಏಕೆ ಸೇರಿಸಲಿಲ್ಲ ಎಂದು ಆಗ ಕೆಲವರು ನನ್ನನ್ನು ಕೇಳಿದ್ದರು. ತಲೆತಲಾಂತರದಿಂದ ಊರಾಚೆ ಕತ್ತಲೆಯಲ್ಲಿದ್ದವರಿಗೆ ಮೊದಲು ಹೆಚ್ಚು ಸಿಕ್ಕಿದರೆ ನಮಗೆ ಹೊಟ್ಟೆಕಿಚ್ಚಾಗಬೇಕಾಗಿಲ್ಲ ಎಂಬುದು ನನ್ನ ಉತ್ತರವಾಗಿತ್ತು. ಬಡವರನ್ನು ಜಾತಿ ನೋಡಿ ಗುರುತಿಸಬೇಕೋ, ಪಡಿತರ ಚೀಟಿ ನೋಡಿಯೋ, ಮೀಟರ್ ನೋಡಿಯೋ ಎಂಬ ಪ್ರಶ್ನೆ ಮಾತ್ರ ನ್ಯಾಯವಾದುದೇ.

2023ರ 'ಗೃಹಜ್ಯೋತಿ' ಈ ಪ್ರಶ್ನೆಗೆ ಮೀಟರ್ ನೋಡಿ ಎಂದು ಉತ್ತರಿಸಿತು. ಇದಕ್ಕೆ ಮುಂಚೆಯೇ ತಮಿಳುನಾಡು 2016ರಲ್ಲಿ ಎಲ್ಲ ಮನೆಗಳಿಗೂ ಎರಡು ತಿಂಗಳಿಗೆ 100 ಯೂನಿಟ್ ಉಚಿತ ಮಾಡಿತ್ತು, ದೆಹಲಿ 2019ರಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವವರ ಬಿಲ್ಲನ್ನು ಸೊನ್ನೆ ಮಾಡಿತ್ತು. ಕರ್ನಾಟಕದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಇದು ಜಾರಿಗೆ ಬಂತು, ಆಗಸ್ಟ್ 5ರಂದು ಕಲಬುರಗಿಯಲ್ಲಿ ಉದ್ಘಾಟನೆಯಾಯಿತು. ಅಂತೂ ಬಿಲ್ಲು ಕಟ್ಟುವುದಕ್ಕೂ ಉದ್ಘಾಟನೆ ಬಂತೆನ್ನಿ. ಒಂದೂವರೆ ಕೋಟಿಗೂ ಹೆಚ್ಚು ಮನೆಗಳು ನೋಂದಣಿಯಾದವು, ಭಾಗ್ಯಜ್ಯೋತಿ ಮೊದಲಾದ ಹಳೆಯ ಯೋಜನೆಗಳೂ ಇದರೊಳಗೆ ಬಂದವು.

ಇದರ ಲೆಕ್ಕ ಮೇಲೆ ಕಂಡಷ್ಟು ಸರಳವಲ್ಲ. 200 ಯೂನಿಟ್ ಎಲ್ಲರಿಗೂ ಉಚಿತವೆಂದು ಬಹಳ ಮಂದಿ ತಿಳಿದರು. ನಿಜವಾದ ನಿಯಮ ಬೇರೆ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ನೂರಕ್ಕೆ 10 ಸೇರಿಸಿದರೆ ಬರುವುದೇ ನಿಮ್ಮ ಪಾಲು. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಾದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಈಗ ಎರಡು ಮನೆಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಫ್ರಿಜ್ಜು, ವಾಷಿಂಗ್ ಮೆಷಿನ್ ಇದ್ದು ಸರಾಸರಿ 180 ಯೂನಿಟ್ ಬಳಸುತ್ತಿದ್ದ ಮನೆಗೆ 198 ಯೂನಿಟ್ ಉಚಿತ. ಬಿಲ್ಲಿನ ಭಯಕ್ಕೆ ಫ್ಯಾನು ನಿಲ್ಲಿಸಿ 20 ಯೂನಿಟ್ಟಿನಲ್ಲಿ ತಿಂಗಳು ದೂಡುತ್ತಿದ್ದ ಮನೆಗೆ 22. ಹೆದರಿ ಬದುಕಿದ ವರ್ಷವೇ ಆ ಮನೆಯ ಹಕ್ಕಿನ ಅಳತೆಗೋಲಾಯಿತು. ಸರಕಾರಕ್ಕೂ ಇದು ತಟ್ಟಿರಬೇಕು, 2024ರಲ್ಲಿ ಕಡಿಮೆ ಬಳಸುವವರಿಗೆ ನೂರಕ್ಕೆ 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು ತಿದ್ದುಪಡಿಯಾಯಿತು. 22 ಇದ್ದುದು 30 ಆಯಿತು. ಒಳ್ಳೆಯದೇ. ಆದರೂ 198 ಮತ್ತು 30ರ ನಡುವಿನ ಅಂತರ ಉಳಿದೇ ಇತ್ತು.

ಇಷ್ಟಿದ್ದರೂ ಗೃಹಜ್ಯೋತಿಯನ್ನು ನಾನು ಹೀಗಳೆಯುವುದಿಲ್ಲ. ವರ್ಷಕ್ಕೆ ಸುಮಾರು ಹತ್ತು ಸಾವಿರ ಕೋಟಿ ರೂಪಾಯಿಯ ಖರ್ಚು ಸಣ್ಣದಲ್ಲ, ಆ ಹಣದಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತೆಂದು ಕೇಳುವವರ ಮಾತನ್ನೂ ಕೇಳಿಸಿಕೊಳ್ಳಬೇಕು. ಆದರೆ ಭಾಗ್ಯಜ್ಯೋತಿಯ ಕಾಲದಲ್ಲಿ ಎರಡನೆಯ ಬಲ್ಬು ಅಪರಾಧವಾಗಿತ್ತು. ಈಗ ಯಾರೂ ಮನೆಯೊಳಗೆ ಬಂದು ಬಲ್ಬು ಎಣಿಸುವುದಿಲ್ಲ. ಬಡತನವನ್ನು ಸಾಬೀತುಪಡಿಸುವ ಅವಮಾನ ತಪ್ಪಿತು. ಬಾಡಿಗೆದಾರರಿಗೂ ಅವಕಾಶವಾಯಿತು, ಇದು ನಮ್ಮ ಸಮುದಾಯದ ಮಟ್ಟಿಗೆ ದೊಡ್ಡ ಮಾತು. ಮಾಲೀಕನ ಒಂದೇ ಮೀಟರಿನಡಿಯಲ್ಲಿ ಮೂರು ನಾಲ್ಕು ಬಾಡಿಗೆ ಮನೆಗಳಿದ್ದ ಕಡೆ ಈ ಲಾಭ ಎಲ್ಲರಿಗೂ ತಲುಪಿತೇ ಎಂಬುದನ್ನು ನಿಮ್ಮ ನಿಮ್ಮ ಓಣಿಯಲ್ಲಿ ನೀವೇ ವಿಚಾರಿಸಿ ನೋಡಿ.

ಒಟ್ಟು ಕುಟುಂಬದ ಕಷ್ಟ ಇದಕ್ಕಿಂತ ಹೆಚ್ಚಿನದು. ಅಣ್ಣ ತಮ್ಮಂದಿರು ಮೂವರು, ಅಡುಗೆ ಮನೆ ಮೂರು, ಮೀಟರು ಒಂದು. ಒಂದೊಂದು ಸಂಸಾರದ ಬಳಕೆ 75 ಯೂನಿಟ್ ಎಂದಿಟ್ಟುಕೊಳ್ಳಿ. ಬೇರೆ ಬೇರೆ ಮೀಟರಿದ್ದರೆ ಮೂವರಿಗೂ ಬಿಲ್ಲು ಸೊನ್ನೆಯಾಗಬಹುದಿತ್ತು. ಒಂದೇ ಮೀಟರಿನಲ್ಲಿ 225 ಆಗುತ್ತದೆ, 200 ದಾಟಿತು, ಮೂವರೂ ಸೇರಿ ಪೂರ್ತಿ ಕಟ್ಟಬೇಕು. 2023ರ ಮೇ ತಿಂಗಳಲ್ಲಿ ಪ್ರಕಟವಾದ ದರದಲ್ಲಿ 100 ಯೂನಿಟ್‌ವರೆಗೆ 4 ರೂ. 75 ಪೈಸೆ, ಅದನ್ನು ಮೀರಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ ಎಂದಿತ್ತು. ಆ ಲೆಕ್ಕದಲ್ಲಿ 225ಕ್ಕೆ 1,575 ರೂಪಾಯಿ, ನಿಗದಿತ ಶುಲ್ಕ ಬೇರೆ. 2024ರ ಏಪ್ರಿಲಿನಿಂದ ಈ ಎರಡು ಹಂತದ ದರ ಹೋಗಿ ಒಂದೇ ದರ ಬಂತು. 200ರ ಗೆರೆ ಮಾತ್ರ ಹೋಗಲಿಲ್ಲ. ಒಟ್ಟಾಗಿ ಬಾಳುವುದು ಶ್ರೇಷ್ಠವೆಂದು ನಾವು ಬೋಧಿಸುತ್ತೇವೆ, ಮೀಟರ್ ಆ ಪಾಠ ಓದಿಲ್ಲ. ಬೇರೆ ಮೀಟರ್ ಬೇಕೆಂದರೆ ಮನೆಯ ದಾಖಲೆ ಬೇಕು. ದಾಖಲೆ ಅಜ್ಜನ ಹೆಸರಿನಲ್ಲಿ, ಅಜ್ಜ ಖಬರಸ್ಥಾನದಲ್ಲಿ. ನಮ್ಮ ಸಂಘ ಪ್ರತಿ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಶಿಬಿರ ಮಾಡುತ್ತದೆಯಲ್ಲ, ಅದೇ ಮೇಜಿನಲ್ಲಿ ಪೌತಿ ಖಾತೆಯ ಕಾಗದವನ್ನೂ ಆರ್.ಆರ್. ನಂಬರಿನ ಹೆಸರು ಬದಲಾವಣೆಯ ಅರ್ಜಿಯನ್ನೂ ತುಂಬಿಸಿಕೊಟ್ಟರೆ ಎಷ್ಟೋ ಮನೆಗಳಿಗೆ ವಿದ್ಯಾರ್ಥಿವೇತನದಷ್ಟೇ ಉಪಕಾರವಾದೀತು ಎಂಬುದನ್ನು ಪದಾಧಿಕಾರಿಗಳ ಗಮನಕ್ಕೆ ತರುತ್ತಿದ್ದೇನೆ.

ಬೀಡಿ ಕಟ್ಟುತ್ತಿದ್ದ ಆ ತಾಯಿಯ ಮನೆಗೆ ಕಳೆದ ರಮಝಾನಿನಲ್ಲಿ ಹೋಗಿದ್ದೆ. ಅವರಿಗೀಗ ಕಣ್ಣು ಮಂಜಾಗಿದೆ, ಬೀಡಿ ಕಟ್ಟುವುದಿಲ್ಲ. ಅಂದು ಜಗಲಿಯಲ್ಲಿ ಓದಿದ ಮಗಳು ಶಿಕ್ಷಕಿ. ಮನೆಯಲ್ಲಿ ಈಗ ನಾಲ್ಕು ಬಲ್ಬು, ಎರಡು ಫ್ಯಾನು. ಹಳೆಯ ಅಭ್ಯಾಸದಂತೆ ಬಿಲ್ಲನ್ನು ನನ್ನ ಕೈಗೆ ಕೊಟ್ಟು ಓದಿಸಿಕೊಂಡರು. ಪಾವತಿಸಬೇಕಾದ ಮೊತ್ತ ಸೊನ್ನೆ ಎಂದೆ. 'ಸೊನ್ನೆ ಅಂದರೆ ಬಾಕಿ ಇಲ್ಲ ತಾನೇ?' ಎಂದು ಎರಡು ಸಲ ಕೇಳಿದರು. ಬಿಲ್ಲಿನ ಮೇಲೆ ಬಳಕೆದಾರರ ಹೆಸರಿನ ಮುಂದೆ, ಮೂವತ್ತೈದು ವರ್ಷಗಳ ಹಿಂದೆ ತೀರಿಹೋದ ಅವರ ಯಜಮಾನರ ಹೆಸರೇ ಇನ್ನೂ ಅಚ್ಚಾಗಿತ್ತು.